ವ್ಯಾಧಿ, ವೈದ್ಯ, ವೀತರಾಗ: ಹೃದಯ ಶಸ್ತ್ರಚಿಕಿತ್ಸೆಯ ಅನುಭವ ಕಥನಗಳನ್ನು ಕುರಿತು

ಹೃದಯದ ಮುಚ್ಚಿದ ರಕ್ತನಾಳಗಳಿಗೆ ಬದಲಿ ದಾರಿ ಮಾಡಿಕೊಡುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಅರ್ಜೆಂಟೀನಾ ಮೂಲದ ವೈದ್ಯ ರೆನೆ ಫವಾಲೊರೊ ಅವರು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದರು. ಭಾರತದಲ್ಲಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಇದನ್ನು ಆರಂಭಿಸಿದರು. ಅಂದು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಿದ್ದ ಚಿಕಿತ್ಸೆ ಇಂದು ಮನೆಮಾತಾಗಿದೆ. ಎದೆಯ ನಡುವೆ ಉದ್ದನೆಯ ಗಾಯದ ಗುರುತುಳ್ಳ ಶ್ರಾವಕರು ಊರೂರಿನ ಬಸದಿಗಳಲ್ಲಿ ಕಾಣಸಿಗುತ್ತಾರೆ. ಈ ಚಿಕಿತ್ಸೆಯ ಬೆನ್ನಿಗೇ ಬರವಣಿಗೆಯ ಒಂದು ಪ್ರಕಾರವೂ ಹುಟ್ಟಿಕೊಂಡಿದೆ. ಪಂಚಕಲ್ಯಾಣ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ, ಸ್ತೋತ್ರ ಪುಸ್ತಿಕೆಗಳ ಮುನ್ನುಡಿಗಳಲ್ಲಿ, ಷಷ್ಟ್ಯಬ್ದಿಯ ನೆನಪಿಗೆ ಹಂಚುವ ಕಿರುಹೊತ್ತಗೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು. ಶಸ್ತ್ರಚಿಕಿತ್ಸೆಗೆ ಒಳಗಾಗಿ ಬದುಕಿ ಬಂದವರು ಧರ್ಮಶ್ರದ್ಧೆಯೇ ತಮ್ಮನ್ನು ಉಳಿಸಿತೆಂದು ಕೃತಜ್ಞತೆಯಿಂದ ಹೇಳಿಕೊಳ್ಳುವ ಅನುಭವ ಕಥನವಿದು. ಓದುವವರು ಬಹಳ, ವಿಮರ್ಶಿಸಿದವರು ವಿರಳ.

ಕೃತಜ್ಞತೆಯಿಂದ ಹುಟ್ಟಿದ ಬರಹವನ್ನು ಒರೆಗೆ ಹಚ್ಚುವುದು ಕಠಿಣ ಹೃದಯದ ಕೆಲಸವೆಂದು ತೋರಬಹುದು. ಆದರೆ ಈ ಕಥನಗಳನ್ನು ಓದುವವರಲ್ಲಿ ಹೆಚ್ಚಿನವರು ನಾಳೆ ಅದೇ ಮೇಜಿನ ಮೇಲೆ ಮಲಗಬೇಕಾದವರು ಅಥವಾ ಅವರ ಮಡದಿ ಮಕ್ಕಳು. ಅವರು ಇಲ್ಲಿಂದ ಏನನ್ನು ಕಲಿತು ಹೋಗುತ್ತಾರೆಂಬುದು ಸಣ್ಣ ಪ್ರಶ್ನೆಯಲ್ಲ.

ಈ ಕಥನಗಳ ಕಟ್ಟಡ ಬಹುಮಟ್ಟಿಗೆ ಒಂದೇ. ಎದೆನೋವು ಬರುತ್ತದೆ, ಪರೀಕ್ಷೆಯಲ್ಲಿ ಮೂರು ನಾಳಗಳು ಮುಚ್ಚಿರುವುದು ತಿಳಿಯುತ್ತದೆ, ವೈದ್ಯರು ಭರವಸೆ ಕೊಡಲು ಹಿಂಜರಿಯುತ್ತಾರೆ. ಮನೆಯವರು ಭಕ್ತಾಮರ ಸ್ತೋತ್ರದ ಅಖಂಡ ಪಾಠಕ್ಕೆ ಕುಳಿತುಕೊಳ್ಳುತ್ತಾರೆ, ಇಲ್ಲವೆ ಶಾಂತಿಧಾರೆ ಮಾಡಿಸುತ್ತಾರೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯುತ್ತದೆ. ವೈದ್ಯರೇ ಬೆರಗಾಗುತ್ತಾರೆ. ಕಥನ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಚೇತರಿಕೆ ಆರಂಭವಾಗುವುದು ಅಲ್ಲಿಂದಲೇ ಎಂಬುದನ್ನು ಬಲ್ಲವರಿಗೆ ಈ ಮುಕ್ತಾಯ ಅಚ್ಚರಿ ತರಬೇಕು. ಗರಗಸದಿಂದ ಸೀಳಿ ಉಕ್ಕಿನ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ನಾಳವನ್ನು ತೆಗೆದ ಕಾಲು ಬಾಯುತ್ತದೆ. ನಿದ್ರೆ ಕೆಡುತ್ತದೆ, ಹಸಿವು ಹೋಗುತ್ತದೆ, ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಶ್ರದ್ಧೆಯ ಪರೀಕ್ಷೆ ನಡೆಯುವ ಈ ದಿನಗಳ ಬಗ್ಗೆ ಕಥನಕಾರರು ಒಂದೆರಡು ಸಾಲು ಬರೆದರೆ ಹೆಚ್ಚು.

ಮೊದಲನೆಯ ದೋಷ ಲೆಕ್ಕದ್ದು. ಜಮಾ ಕಡೆಯನ್ನು ಮಾತ್ರ ತುಂಬಿ ಖರ್ಚಿನ ಕಡೆಯನ್ನು ಖಾಲಿ ಬಿಟ್ಟ ಖಾತೆಪುಸ್ತಕವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಬದುಕಿ ಬಂದವರು ಬರೆಯುತ್ತಾರೆ. ಅದೇ ಸ್ತೋತ್ರ, ಅದೇ ಶಾಂತಿಧಾರೆ, ಅದೇ ಭಕ್ತಿಯ ನಡುವೆಯೂ ತೀರಿಕೊಂಡವರು ಬರೆಯಲಾರರು. ಅವರ ಮನೆಯವರು ಬರೆಯಲು ಮುಂದಾಗುವುದಿಲ್ಲ. ಬರೆದರೂ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಗಂಡನನ್ನು ಕಳೆದುಕೊಂಡ ಒಬ್ಬ ಶ್ರಾವಿಕೆ ಈ ಕಥನವನ್ನು ಓದಿದರೆ ಆಕೆಗೆ ತಿಳಿಯುವುದೇನು? ತನ್ನ ಪಾಠದಲ್ಲಿ ಉಚ್ಚಾರ ತಪ್ಪಿತ್ತೆಂದೇ? ತನ್ನ ಭಕ್ತಿಯಲ್ಲಿ ಕೊರತೆಯಿತ್ತೆಂದೇ? ಕಥನಕಾರರಿಗೆ ಇಂಥ ಉದ್ದೇಶ ಖಂಡಿತ ಇಲ್ಲ. ಆದರೆ ಶ್ರದ್ಧೆ ಉಳಿಸಿತೆಂಬ ಮಾತಿನ ಇನ್ನೊಂದು ಮಗ್ಗುಲು, ಉಳಿಯದವರಲ್ಲಿ ಶ್ರದ್ಧೆ ಸಾಲದಾಗಿತ್ತು ಎಂಬುದೇ. ಅಹಿಂಸೆಯನ್ನು ವಚನದಲ್ಲಿಯೂ ಪಾಲಿಸಬೇಕಾದ ಸಮಾಜ ಈ ಮಾತಿನ ಮೊನೆಯನ್ನು ಗಮನಿಸಬೇಕಾಗಿತ್ತು.

ಎರಡನೆಯ ದೋಷ ಪರಂಪರೆಯ ಓದಿಗೆ ಸಂಬಂಧಿಸಿದ್ದು. ಈ ಕಥನಗಳು ತಮ್ಮನ್ನು ಪ್ರಾಚೀನ ಜೈನ ಕಥಾಸಾಹಿತ್ಯದ ಮುಂದುವರಿಕೆಯೆಂದು ಭಾವಿಸಿಕೊಂಡಿವೆ. ಆದರೆ ಕನ್ನಡದ ಅತಿ ಹಳೆಯ ಗದ್ಯಕೃತಿಯೆಂದು ಪ್ರಸಿದ್ಧವಾದ 'ವಡ್ಡಾರಾಧನೆ'ಗೆ ಈ ಕಥನದ ಮಾದರಿಯ ಪರಿಚಯವೇ ಇಲ್ಲ. 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿಕೊಟ್ಟ ಈ ಗ್ರಂಥದಲ್ಲಿ ಹತ್ತೊಂಬತ್ತು ಕಥೆಗಳಿವೆ. ಸುಕುಮಾರಸ್ವಾಮಿಯನ್ನು ನರಿ ಮರಿಗಳೊಡನೆ ಬಂದು ತಿನ್ನುತ್ತದೆ. ಗಜಕುಮಾರ, ಗುರುದತ್ತ, ಚಿಲಾತಪುತ್ರ ಮೊದಲಾದವರ ಕಥೆಗಳಲ್ಲಿಯೂ ಶ್ರದ್ಧೆಯುಳ್ಳವರ ಶರೀರ ಘೋರ ಉಪಸರ್ಗಕ್ಕೆ ಈಡಾಗುತ್ತದೆ. ಶ್ರದ್ಧೆಯ ಫಲ ದೇಹ ಉಳಿಯುವುದರಲ್ಲಿ ಇಲ್ಲ, ದೇಹಕ್ಕೆ ಏನಾದರೂ ಪರಿಣಾಮ ಕೆಡದಿರುವುದರಲ್ಲಿ ಇದೆ. ಈ ಕಥೆಗಳ ಮೂಲಬೀಜ ಶಿವಾರ್ಯರ 'ಭಗವತೀ ಆರಾಧನೆ'ಯ ಕವಚವೆಂಬ ಭಾಗದಲ್ಲಿದೆ. ಸಮಾಧಿಮರಣಕ್ಕೆ ಕುಳಿತ ಕ್ಷಪಕನು ನೋವಿನಿಂದ ಕಂಗೆಟ್ಟಾಗ ಆತನ ಮನಸ್ಸಿಗೆ ಕವಚವಾಗಲೆಂದು ನಿರ್ಯಾಪಕಾಚಾರ್ಯರು ಈ ಮಹಾಮುನಿಗಳನ್ನು ನೆನಪಿಸಿಕೊಡುತ್ತಾರೆ. ರೋಗಿಯ ಬಳಿ ಹೇಳಬೇಕಾದ ಕಥೆ ಯಾವುದೆಂದು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ಇಂಥವರು ಬದುಕಿಕೊಂಡರು, ನೀವೂ ಬದುಕಿಕೊಳ್ಳುತ್ತೀರಿ ಎಂದು ಹೇಳಿದರೆ ನಾಳೆ ಅದು ಸುಳ್ಳಾಗಬಹುದು. ಇಂಥವರು ಇದಕ್ಕಿಂತ ಹೆಚ್ಚಿನದನ್ನು ಸಹಿಸಿದರು ಎಂಬ ಮಾತು ಎಂದೂ ಸುಳ್ಳಾಗದು.

ಇದೇ 'ವಡ್ಡಾರಾಧನೆ'ಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಕೆಲವರು ಬೇರೆ ಕಾರಣಕ್ಕೆ ಉದಾಹರಿಸುತ್ತಾರೆ. ರೂಪಮದ ಕಳೆದು ಮುನಿಯಾದ ಸನತ್ಕುಮಾರನ ಶರೀರವನ್ನು ರೋಗಗಳು ಮುತ್ತುತ್ತವೆ. ವೈದ್ಯನ ವೇಷದಲ್ಲಿ ಬಂದ ದೇವನು ಚಿಕಿತ್ಸೆ ಮಾಡುತ್ತೇನೆಂದಾಗ, ಸಂಸಾರವ್ಯಾಧಿಯನ್ನು ಕಳೆಯಬಲ್ಲೆಯಾದರೆ ಕಳೆ ಎಂಬ ಅರ್ಥದ ಉತ್ತರ ದೊರೆಯುತ್ತದೆ. ಇದನ್ನೇ ಆಧಾರ ಮಾಡಿಕೊಂಡು ಔಷಧ ಮಾತ್ರೆಗಳನ್ನು ನಿಲ್ಲಿಸುವುದು ಶ್ರದ್ಧೆಯ ಲಕ್ಷಣವೆಂದು ಸೂಚಿಸುವ ಬರಹಗಳುಂಟು. ಇದು ಅಪಾಯಕರವಾದ ಅಪಾರ್ಥ. ಸನತ್ಕುಮಾರನು ರೋಗಪರೀಷಹವನ್ನು ಜಯಿಸಲು ಹೊರಟ ಮಹಾವ್ರತಿ. ಅಂಗಡಿ, ಸಾಲ, ಮದುವೆಯಾಗದ ಮಗಳು ಇವೆಲ್ಲವನ್ನೂ ಇಟ್ಟುಕೊಂಡು ಮಾತ್ರೆಯೊಂದನ್ನೇ ತ್ಯಜಿಸುವ ಗೃಹಸ್ಥನಿಗೂ ಆತನಿಗೂ ಹೋಲಿಕೆ ಎಲ್ಲಿಯದು?

ಗೃಹಸ್ಥರು ನೆನೆಯಬೇಕಾದ ಕಥೆ ಬೇರೊಂದಿದೆ. ಅದು ಸ್ವಾಮಿ ಸಮಂತಭದ್ರರದು. ಹತ್ತೊಂಬತ್ತನೆಯ ಶತಮಾನದ ಕನಕಗಿರಿಯ ದೇವಚಂದ್ರನು 'ರಾಜಾವಳಿ ಕಥೆ'ಯಲ್ಲಿ ಇದನ್ನು ಕನ್ನಡದಲ್ಲಿ ಹೇಳಿದ್ದಾನೆ. ತಿಂದದ್ದೆಲ್ಲವನ್ನೂ ಸುಟ್ಟುಹಾಕುವ ಭಸ್ಮಕ ರೋಗಕ್ಕೆ ತುತ್ತಾದ ಸಮಂತಭದ್ರರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡುತ್ತಾರೆ. ಗುರುಗಳು ಒಪ್ಪುವುದಿಲ್ಲ. ಧರ್ಮಪ್ರಭಾವನೆಗೆ ಬೇಕಾದ ಜೀವ ಇದು, ದೀಕ್ಷೆಯನ್ನಾದರೂ ಬಿಟ್ಟು ರೋಗವನ್ನು ಶಮನ ಮಾಡಿಕೋ ಎಂದು ಆಜ್ಞಾಪಿಸುತ್ತಾರೆ. ಅವರು ವೇಷ ಮರೆಸಿ, ಶಿವಕೋಟಿ ರಾಜನ ಶಿವಾಲಯದಲ್ಲಿ ಸಲ್ಲುತ್ತಿದ್ದ ಸಮೃದ್ಧ ನೈವೇದ್ಯವನ್ನು ಸೇವಿಸಿ ಗುಣ ಹೊಂದುತ್ತಾರೆ. ರೋಗ ಇಳಿದು ನೈವೇದ್ಯ ಮಿಗತೊಡಗಿದಾಗ ರಾಜನಿಗೆ ಸಂಶಯ ಬರುತ್ತದೆ. ಆಗ 'ಸ್ವಯಂಭೂ ಸ್ತೋತ್ರ' ಹೊಮ್ಮುತ್ತದೆ, ಚಂದ್ರಪ್ರಭ ಬಿಂಬ ಪ್ರಕಟವಾಗುತ್ತದೆ. ಅನಂತರ ಅವರು ಪುನಃ ದೀಕ್ಷೆ ಪಡೆಯುತ್ತಾರೆ. ಪ್ರವಚನಗಳಲ್ಲಿ ಬಿಂಬ ಒಡಮೂಡಿದ ಭಾಗಕ್ಕೆ ದೊರೆಯುವ ಮಹತ್ವ ಗುರುಗಳ ನಿರಾಕರಣೆಗೆ ದೊರೆಯುವುದಿಲ್ಲ. ಕಥೆಯ ಕ್ರಮವನ್ನು ನೋಡಬೇಕು: ರೋಗ ವಾಸಿಯಾದದ್ದು ಆಹಾರದಿಂದ, ಸ್ತೋತ್ರ ಬಂದದ್ದು ವಾಸಿಯಾದ ಮೇಲೆ. ಅದೇ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನಕ್ಕೆ ಯೋಗ್ಯ ಸಂದರ್ಭಗಳನ್ನು ಹೇಳುವಾಗ 'ನಿಷ್ಪ್ರತೀಕಾರ' ಎಂಬ ವಿಶೇಷಣವನ್ನು ಬಳಸಿದ್ದಾರೆ. ಪ್ರತೀಕಾರವಿಲ್ಲದ ರೋಗ ಬೇರೆ, ಇರುವ ರೋಗ ಬೇರೆ. ಬೈಪಾಸ್ ಚಿಕಿತ್ಸೆಯಿಂದ ಸರಿಹೋಗುವ ಹೃದಯರೋಗ ಯಾವ ವರ್ಗಕ್ಕೆ ಸೇರುತ್ತದೆಂಬುದಕ್ಕೆ ಪಂಡಿತರ ಸಭೆ ಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು, ಚಿಕಿತ್ಸೆಯೇ ಬೇಡವೆನ್ನಲಿಲ್ಲ.

ಇನ್ನು ಸ್ತೋತ್ರಗಳ ಮಾತು. ಮಾನತುಂಗಾಚಾರ್ಯರ ಸಂಕೋಲೆಗಳು ಕಳಚಿದ ಕಥೆ, ವಾದಿರಾಜರ ಕುಷ್ಠ ನಿವಾರಣೆಯ ಕಥೆ, ಧನಂಜಯ ಕವಿಯ ಮಗನಿಗೆ ಏರಿದ ಹಾವಿನ ವಿಷ ಇಳಿದ ಕಥೆ ಇವು ಮನೆಮನೆಗೂ ಗೊತ್ತು. ಆದರೆ ಕಥೆಯನ್ನು ಬಲ್ಲಷ್ಟು ಜನ ಸ್ತೋತ್ರದ ಅರ್ಥವನ್ನು ಬಲ್ಲರೆಂದು ಹೇಳಲಾಗದು. ವಿಷ ಇಳಿಸಿತೆಂದು ಖ್ಯಾತವಾದ ಧನಂಜಯನ 'ವಿಷಾಪಹಾರ ಸ್ತೋತ್ರ'ದ ಕೊನೆಯ ಭಾಗದಲ್ಲಿ ಕವಿ ಸ್ಪಷ್ಟವಾಗಿ ತಿಳಿಸುವುದೇನೆಂದರೆ, ತಾನು ದೀನನಾಗಿ ಯಾವ ವರವನ್ನೂ ಬೇಡುತ್ತಿಲ್ಲ, ಏಕೆಂದರೆ ಭಗವಂತನು ಉಪೇಕ್ಷಕ. ಮರದಡಿಗೆ ಹೋದವನಿಗೆ ನೆರಳು ತಾನಾಗಿ ದೊರೆಯುತ್ತದೆ, ನೆರಳನ್ನು ಬೇಡುವುದರಿಂದ ಆಗುವುದೇನು ಎಂದು. ಬೇಡಿಕೆಯ ಸ್ತೋತ್ರವೆಂದು ನಂಬಲಾದ ಕೃತಿಯ ಒಳಗೇ ಬೇಡಿಕೆಯ ನಿರಾಕರಣೆಯಿದೆ. ಧರ್ಮದ ಫಲವಾಗಿ ಲೌಕಿಕ ಸುಖವನ್ನು ಬಯಸದಿರುವುದು ನಿಃಕಾಂಕ್ಷಿತವೆಂಬ ಸಮ್ಯಕ್ತ್ವದ ಅಂಗ. ಅಖಂಡ ಪಾಠವನ್ನು ಶಸ್ತ್ರಚಿಕಿತ್ಸೆಯ ಮುಂಗಡ ಹಣದಂತೆ ಕಟ್ಟುವವರು ವೀತರಾಗನನ್ನು ವ್ಯಾಪಾರಕ್ಕೆ ಎಳೆಯುತ್ತಾರೆ. ವ್ಯಾಪಾರ ಮಾಡಿ ಬಲ್ಲವರಿಗೆ ಇದು ಇನ್ನೂ ಬೇಗ ತಿಳಿಯಬೇಕು.

ಪ್ರಾರ್ಥನೆಯ ಫಲವನ್ನು ಅಳೆಯುವ ಯತ್ನ ಪಾಶ್ಚಾತ್ಯರಲ್ಲಿ ನಡೆದಿದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1802 ರೋಗಿಗಳ ಅಧ್ಯಯನವೊಂದನ್ನು ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗಾಗಿ ಕ್ರೈಸ್ತ ಪ್ರಾರ್ಥನಾ ಮಂಡಲಿಗಳವರು ದೂರದಿಂದ ಹದಿನಾಲ್ಕು ದಿನ ಪ್ರಾರ್ಥಿಸಿದರು, ಇನ್ನೊಂದಕ್ಕೆ ಪ್ರಾರ್ಥಿಸಲಿಲ್ಲ. ಈ ಎರಡು ಗುಂಪುಗಳವರಿಗೂ ತಾವು ಯಾವುದರಲ್ಲಿದ್ದೇವೆಂಬುದು ತಿಳಿದಿರಲಿಲ್ಲ. ತೊಡಕುಗಳುಂಟಾದವರು ಕ್ರಮವಾಗಿ ಶೇಕಡ 52 ಮತ್ತು 51. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದ ಮೂರನೆಯ ಗುಂಪಿನಲ್ಲಿ ಶೇಕಡ 59. ಹೀಗೇಕಾಯಿತೆಂಬುದಕ್ಕೆ ಊಹೆಗಳಿವೆಯೇ ಹೊರತು ನಿರ್ಣಯವಿಲ್ಲ. ಒಬ್ಬರ ಕರ್ಮವನ್ನು ಇನ್ನೊಬ್ಬರ ಪ್ರಾರ್ಥನೆ ತೊಳೆಯುತ್ತದೆಂದು ಎಂದೂ ಹೇಳದ ದರ್ಶನಕ್ಕೆ ಈ ಫಲಿತಾಂಶದಿಂದ ಆಘಾತವಾಗಬೇಕಾಗಿಲ್ಲ.

ಇನ್ನೊಂದು ಅಧ್ಯಯನ ಬೇರೆಯದನ್ನು ಹೇಳುತ್ತದೆ. 1995ರಲ್ಲಿ ಥಾಮಸ್ ಆಕ್ಸ್‌ಮನ್ ಮತ್ತು ಸಂಗಡಿಗರು 55 ವರ್ಷ ದಾಟಿದ 232 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ವಿಚಾರವನ್ನು ಪ್ರಕಟಿಸಿದರು. ಆರು ತಿಂಗಳಲ್ಲಿ 21 ಜನ ತೀರಿಕೊಂಡಿದ್ದರು. ಧರ್ಮದಿಂದ ಯಾವ ಬಲವನ್ನೂ ಸಮಾಧಾನವನ್ನೂ ಪಡೆಯದವರಲ್ಲಿ ಸಾವಿನ ಸಂಭವ ಸುಮಾರು ಮೂರು ಪಟ್ಟು, ಯಾವ ಸಂಘ ಸಮುದಾಯದಲ್ಲೂ ಭಾಗಿಯಾಗದವರಲ್ಲಿ ಸುಮಾರು ನಾಲ್ಕು ಪಟ್ಟು ಕಂಡುಬಂದಿತು. ಚಿಕ್ಕ ಅಧ್ಯಯನ, ಕಾರಣ ಕಾರ್ಯ ಸಂಬಂಧವನ್ನು ಇದು ಸಿದ್ಧಪಡಿಸುವುದಿಲ್ಲ. ವಿಜ್ಞಾನವೇ ಜೈನಧರ್ಮವನ್ನು ಸಮರ್ಥಿಸಿತೆಂದು ತಲೆಬರಹ ಕೊಡುವ ಉತ್ಸಾಹಿಗಳಿಂದ ಈ ಅಂಕಿಗಳನ್ನು ದೂರವಿಡುವುದು ಕ್ಷೇಮ. ಆದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಮನಸ್ಸಿಗೆ ಬರುತ್ತದೆ. ದೂರದಲ್ಲಿ ಕುಳಿತವರ ಬೇಡಿಕೆಯಲ್ಲಿ ಕಾಣದ ಬಲ ರೋಗಿಯ ಸ್ವಂತ ಭಾವದಲ್ಲಿ, ಹತ್ತಿರ ಬಂದ ಜನರಲ್ಲಿ ಇರಬಹುದು.

ರೋಗಿಯ ಭಾವದಲ್ಲಿ ನಡೆಯುವುದೇನೆಂಬುದನ್ನು 'ತತ್ತ್ವಾರ್ಥಸೂತ್ರ'ದ ಒಂಬತ್ತನೆಯ ಅಧ್ಯಾಯ ಹೆಸರಿಟ್ಟು ಹೇಳಿದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯನ್ನೇ ಮೆಲುಕುಹಾಕುವುದು ಒಂದು. ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರದಲ್ಲಿ ನಡುರಾತ್ರಿ ಎದ್ದು ಕುಳಿತು ಎದೆಬಡಿತವನ್ನು ಎಣಿಸುವ ವ್ಯಕ್ತಿಯ ಸ್ಥಿತಿಗೆ ಇದಕ್ಕಿಂತ ಸಮೀಪದ ವರ್ಣನೆ ಸಿಗುವುದು ಕಷ್ಟ. ವೈದ್ಯರು ಇದನ್ನು ಖಿನ್ನತೆಯೆಂದು ಕರೆಯುತ್ತಾರೆ, ಹಗುರವಾಗಿ ಎಣಿಸುವುದೂ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದವರು 817 ಬೈಪಾಸ್ ರೋಗಿಗಳನ್ನು ಕುರಿತು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನವೇ ಗಣನೀಯ ಖಿನ್ನತೆಯಿದ್ದವರಲ್ಲಿ ಮುಂದಿನ ವರ್ಷಗಳ ಮರಣ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇಲ್ಲಿ ಶ್ರದ್ಧೆಗೆ ಮಾಡಲು ನಿಜವಾದ ಕೆಲಸವಿದೆ. 48 ನಿಮಿಷದ ಸಾಮಾಯಿಕ, ಒಂಬತ್ತು ಣಮೋಕಾರಗಳಿಗೆ ಇಪ್ಪತ್ತೇಳು ಉಚ್ಛ್ವಾಸಗಳ ಕಾಯೋತ್ಸರ್ಗ, ದಿನಕ್ಕೆ ಒಂದೆರಡು ಪುಟದ ಸ್ವಾಧ್ಯಾಯ ಇವು ಮನಸ್ಸನ್ನು ಎದೆಬಡಿತದಿಂದ ಎತ್ತಿ ಬೇರೆಡೆ ಇಡಬಲ್ಲವು. ಕಾಯೋತ್ಸರ್ಗವೆಂದರೆ ಶರೀರದ ಮೇಲಿನ ಮಮತ್ವವನ್ನು ಬಿಡುವುದು. ಶರೀರ ಅತ್ಯಂತ ಗಟ್ಟಿಯಾಗಿ ಕೂಗುತ್ತಿರುವಾಗ ಅದನ್ನು ಬಿಡುವುದು ಸುಲಭವಲ್ಲ. ಇದನ್ನು ಉಸಿರಾಟದ ವ್ಯಾಯಾಮವೆಂದು ತಿಳಿದು ಆಸ್ಪತ್ರೆಯವರು ಕೊಟ್ಟ ಮೂರು ಚೆಂಡುಗಳ ಉಪಕರಣವನ್ನು ಮೂಲೆಗಿಡುವವರು ಎರಡನ್ನೂ ಅರಿತವರಲ್ಲ. ಖಿನ್ನತೆ ಆಳವಾಗಿದ್ದರೆ ವೈದ್ಯರಿಗೆ ಹೇಳಬೇಕು; ಹೇಳುವುದರಿಂದ ಶ್ರದ್ಧೆಗೆ ಕುಂದಿಲ್ಲ.

ಅನುಭವ ಕಥನಗಳ ಅತ್ಯುತ್ತಮ ಸಾಲುಗಳು ಸಿಗುವುದೂ ಇಂಥಲ್ಲಿಯೇ. ಗಂಟಲಿನಲ್ಲಿ ಕೊಳವೆಯಿದ್ದು ಮಾತು ಹೊರಡದಿದ್ದಾಗ ಮನಸ್ಸಿನೊಳಗೆ ಣಮೋಕಾರ ನಡೆಯುತ್ತಿತ್ತೆಂದು ಯಾರಾದರೂ ಬರೆದಾಗ ಅಲ್ಲಿ ಪವಾಡವಿಲ್ಲ, ಆದರೂ ಓದುಗನು ನಿಂತು ಓದುತ್ತಾನೆ. ವೈದ್ಯರು ಬೆರಗಾದ ಪ್ರಸಂಗಕ್ಕಿಂತ ಇದರ ಬೆಲೆ ಹೆಚ್ಚೆಂಬುದು ಬರೆದವರಿಗೇ ತಿಳಿದಿರುವುದಿಲ್ಲ.

ಮೂರನೆಯ ದೋಷ ಮೌನದ್ದು. ಜೈನರು ಮಾತ್ರ ಹೇಳಬಲ್ಲ ಸಂಗತಿಗಳನ್ನೇ ಈ ಕಥನಗಳು ಬಿಟ್ಟುಬಿಡುತ್ತವೆ. ರಾತ್ರಿಭೋಜನ ತ್ಯಾಗವಿರುವವರು ರಾತ್ರಿಯ ಮಾತ್ರೆಗೆ ಏನು ಮಾಡಿದರು? ಹಲವು ಮಾತ್ರೆಗಳ ಹೊತ್ತನ್ನು ವೈದ್ಯರು ಸೂರ್ಯಾಸ್ತಕ್ಕೆ ಮೊದಲು ಹೊಂದಿಸಿಕೊಡಬಲ್ಲರು, ಎಲ್ಲವನ್ನೂ ಅಲ್ಲ. ಕೇಳದೆ ತಾವಾಗಿ ಬದಲಿಸುವುದು ತಪ್ಪು. ದಶಲಕ್ಷಣ ಪರ್ವದಲ್ಲಿ ಉಪವಾಸದ ರೂಢಿಯಿದ್ದವರು, ಅದರಲ್ಲೂ ಸಿಹಿಮೂತ್ರ ರೋಗವುಳ್ಳವರು, ಆ ವರ್ಷ ಯಾವ ನಿಯಮ ಹಿಡಿದರು? ನೀರನ್ನೂ ಬಿಡುವ ಉಪವಾಸವು ಹೊಸದಾಗಿ ಕೂಡಿಸಿದ ನಾಳಗಳುಳ್ಳವರಿಗೆ ಎಷ್ಟು ಅಪಾಯವೆಂದು ಕೇಳಿಕೊಂಡರೆ? ಉಪವಾಸದ ಬದಲು ರಸತ್ಯಾಗ ಹಿಡಿದವರು ಅದನ್ನು ಸೋಲೆಂದು ನಾಚಿ ಬರೆಯದೆ ಬಿಡುತ್ತಾರೆ. ಬರೆದಿದ್ದರೆ ಅವರನ್ನು ನೋಡಿ ಹತ್ತು ಜನ ಕಲಿಯುತ್ತಿದ್ದರು.

ಇದಕ್ಕಿಂತಲೂ ತೊಡಕಿನ ಪ್ರಶ್ನೆ ಹೃದಯದ ಕವಾಟಗಳದು. ಕೆಟ್ಟ ಕವಾಟಕ್ಕೆ ಬದಲಾಗಿ ಕೂಡಿಸುವ ಜೈವಿಕ ಕವಾಟಗಳನ್ನು ಹಂದಿಯ ಕವಾಟದಿಂದ ಇಲ್ಲವೆ ದನದ ಹೃದಯದ ಹೊರಪೊರೆಯಿಂದ ತಯಾರಿಸುತ್ತಾರೆ. ಲೋಹದ ಕವಾಟದಲ್ಲಿ ಆ ದೋಷವಿಲ್ಲ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಚಿತ್ರಾ ಕವಾಟ ಈ ಲೋಹದ ಜಾತಿಯದು. 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ವಯಸ್ಸಾದವರಿಗೆ ರಕ್ತಸ್ರಾವದ ಭಯದಿಂದ ವೈದ್ಯರು ಜೈವಿಕ ಕವಾಟವನ್ನೇ ಸೂಚಿಸುವುದುಂಟು. ಶಸ್ತ್ರಚಿಕಿತ್ಸೆಯ ವೇಳೆ ಹೃದಯ ಶ್ವಾಸಕೋಶ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲು ಬಳಸುವ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆದದ್ದು. ಅದನ್ನು ತಪ್ಪಿಸುವುದು ಸುಲಭವಲ್ಲ. ಆಯ್ಕೆಯಿರುವಲ್ಲಿ ಮುಂಚೆಯೇ ವಿಚಾರಿಸಿ ನಿರ್ಧರಿಸುವುದು ವಿವೇಕ. ಆಯ್ಕೆಯಿಲ್ಲದಲ್ಲಿ ಪ್ರತಿಕ್ರಮಣವಿದೆ, ಪ್ರಾಯಶ್ಚಿತ್ತವಿದೆ. ಗುಣವಾಗಿ ಮನೆಗೆ ಬಂದವರ ಮುಂದೆ ಕುಳಿತು ಕವಾಟದ ಮೂಲವನ್ನು ವಿಚಾರಿಸುವ ನೆಂಟರು ಮಾತ್ರ ಯಾವ ಧರ್ಮವನ್ನೂ ಪಾಲಿಸುತ್ತಿಲ್ಲ.

ಧರ್ಮ ಉಳಿಸಿತೆಂಬ ವಾಕ್ಯದಲ್ಲಿ ಹೆಚ್ಚಾಗಿ ಮರೆಯಾಗುವವರು ಶುಶ್ರೂಷೆ ಮಾಡಿದವರು. ಬೆಡ್‌ಪ್ಯಾನ್ ಹಿಡಿದ ಸೊಸೆ, ಕೆಮ್ಮುವಾಗ ಎದೆಗೆ ದಿಂಬು ಒತ್ತಿಕೊಟ್ಟ ದಾದಿ, ಆಸ್ಪತ್ರೆಯ ಜಗಲಿಯಲ್ಲಿ ಹತ್ತು ರಾತ್ರಿ ಮಲಗಿದ ತಮ್ಮ ಇವರಿಗೆ ಕಥನದ ಕೊನೆಯಲ್ಲಿ ಒಂದು ಸಾಲಿನ ವಂದನೆ ದೊರೆತರೆ ಭಾಗ್ಯ. ಜೈನಾಗಮದ ದೃಷ್ಟಿ ಇದಕ್ಕೆ ವಿರುದ್ಧವಾದುದು. ವೈಯಾವೃತ್ಯ ಅಂತರಂಗ ತಪಸ್ಸುಗಳಲ್ಲಿ ಒಂದು, ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ಒಂದು. ಔಷಧದಾನ ಚತುರ್ವಿಧ ದಾನಗಳಲ್ಲಿ ಸೇರಿದೆ. ನಿರ್ವಿಚಿಕಿತ್ಸೆಯ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ರಾಜನು ಮಾಡಿದ್ದು ವಾಂತಿ ಮಾಡಿಕೊಂಡ ರೋಗಿ ಮುನಿಯ ಮೈ ತೊಳೆಯುವ ಕೆಲಸ. ಅಭಿಷೇಕ, ಮೆರವಣಿಗೆ, ಶಿಲಾನ್ಯಾಸಗಳಿಗೆ ಉದಾರವಾಗಿರುವ ಬಸದಿಯ ಟ್ರಸ್ಟುಗಳು ಈ ತಪಸ್ಸಿಗಾಗಿ ಎಷ್ಟು ತೆಗೆದಿಟ್ಟಿವೆಯೆಂದು ತಮ್ಮ ಆಯವ್ಯಯವನ್ನು ತೆರೆದು ನೋಡಬಹುದು. ಹಾಸನ, ಬೆಳಗಾವಿ, ತುಮಕೂರು, ದಕ್ಷಿಣ ಕನ್ನಡದ ಹಳ್ಳಿಗಳಿಂದ ದೊಡ್ಡ ನಗರದ ಆಸ್ಪತ್ರೆಗೆ ಬರುವ ಕುಟುಂಬಕ್ಕೆ ಬೇಕಾದದ್ದು ಹೆಚ್ಚೇನಲ್ಲ: ಮಲಗಲು ಒಂದು ಕೋಣೆ, ಸೂರ್ಯಾಸ್ತಕ್ಕೆ ಮೊದಲು ಉಪ್ಪು ಎಣ್ಣೆ ಕಡಿಮೆಯಿರುವ ಶುದ್ಧ ಆಹಾರ, ಕಾಗದಪತ್ರ ಓದಿ ಹೇಳುವವರು, ರಾತ್ರಿ ಕಾಯಲು ಸರದಿಯ ಮೇಲೆ ಬರುವ ಇಬ್ಬರು ಯುವಕರು.

ಇಬ್ಬರು ಎಂಬುದಕ್ಕೆ ಆಧಾರವಿದೆ. 'ಭಗವತೀ ಆರಾಧನೆ' ಒಬ್ಬ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ಮೈ ಒತ್ತುವವರು, ಧರ್ಮಕಥೆ ಹೇಳುವವರು, ಆಹಾರ ಪಾನೀಯ ತರುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು ಹೀಗೆ ಕೆಲಸ ಹಂಚಿಕೊಟ್ಟಿದೆ. ಕಾಲ ಕೆಟ್ಟು ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸುತ್ತಾ ಬಂದು ಎರಡಕ್ಕೆ ನಿಲ್ಲಿಸುತ್ತದೆ. ಒಬ್ಬನೇ ನಿರ್ಯಾಪಕನನ್ನು ಗ್ರಂಥ ಒಪ್ಪುವುದಿಲ್ಲ. ಅವನು ತನ್ನ ಆಹಾರಕ್ಕೆಂದು ಹೊರಗೆ ಹೋದಾಗ ರೋಗಿಯ ಬಳಿ ಯಾರೂ ಇರುವುದಿಲ್ಲ.